ಸೀಟಿ ಮಾಮ ಮೈಕು ಹಿಡಿದದ್ದು

ಅಗ್ನಿಶಾಮಕ ಠಾಣೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಮೇಲೂ ಸೀಟಿ ಮಾಮ ಠಾಣೆಯ ಅಂಗಳ ಬಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಇಪ್ಪತ್ತು ಮಕ್ಕಳಿಗೆ ಏಣಿ ಹತ್ತುವುದು, ಹಗ್ಗಕ್ಕೆ ಗಂಟು ಹಾಕುವುದು, ನೀರಿನ ಪೈಪು ಸುತ್ತುವುದು ಕಲಿಸುತ್ತಾರೆ. ಕೊರಳಲ್ಲಿ ಸದಾ ಒಂದು ಸೀಟಿ. ಮನೆಯಲ್ಲಿ ಕಾಫಿ ಬೇಕಾದರೂ ಅದನ್ನೇ ಊದುತ್ತಾರೆಂದು ಜೊತೆಗಿರುವ ಅವರ ಅಕ್ಕ ಬೀದಿಯೆಲ್ಲ ಸಾರಿಕೊಂಡು ಬಂದಿದ್ದಾಳೆ. ಅದರಲ್ಲಿ ಅರ್ಧ ಸುಳ್ಳು.

ಬರುವ ಮಕ್ಕಳಲ್ಲಿ ಕೆಲವರು ಆಸೆಪಟ್ಟು ಬಂದವರು, ಕೆಲವರು ಎಲ್ಲೋ ಬೆಂಕಿ ಹಚ್ಚಿ ಸಿಕ್ಕಿಬಿದ್ದು ಬಂದವರು. ಯಾರು ಯಾವ ಗುಂಪು ಎಂದು ಮಾಮ ಯಾರೆದುರೂ ಬಾಯಿಬಿಟ್ಟವರಲ್ಲ.

ಈ ತರಗತಿ ಉಳಿಯಬೇಕಾದರೆ ದಾನಿಗಳು ಬೇಕಿತ್ತು. ಅದಕ್ಕೇ ಹೋಟೆಲಿನ ದೊಡ್ಡ ಹಾಲಿನಲ್ಲಿ ಔತಣ: ದುಂಡು ಮೇಜುಗಳು, ಕೂತರೆ ಸದ್ದಾಗದ ಕುರ್ಚಿಗಳು. ಮಾಮನ ಪಕ್ಕದಲ್ಲಿ ಎಪ್ಪತ್ತರ ಅಕ್ಕ. ತನ್ನ ಸೂಪು ಮುಗಿಸಿ ತಮ್ಮನ ಬಟ್ಟಲಿಗೆ ಕಣ್ಣು ಹಾಕಿದ್ದಳು.

ಅಷ್ಟರಲ್ಲಿ ತರಗತಿ ನಡೆಸುವ ಸಂಘದ ಕಾರ್ಯದರ್ಶಿ ಅಲ್ಲಿಯ ಒಬ್ಬ ಹುಡುಗಿಯ ಕೈ ಹಿಡಿದುಕೊಂಡು ಬಂದಳು. "ಮಾಮ, ಇವಳು ಎರಡು ನಿಮಿಷ ಮಾತಾಡ್ಲಿ. ಶಾಲೆ ಉಗ್ರಾಣಕ್ಕೆ ಹೇಗೆ ಬೆಂಕಿ ಹಚ್ಚಿದಳು, ಈಗ ಹೇಗೆ ಬದಲಾಗಿದ್ದಾಳೆ ಅಂತ. ಅಳು ಬಂದ್ರೂ ಪರವಾಗಿಲ್ಲ."

ಹುಡುಗಿಗೆ ಹದಿಮೂರು. ಕೈಯಲ್ಲಿದ್ದ ಕಾಗದ ಬೆವರಿಗೆ ಒದ್ದೆಯಾಗಿತ್ತು.

"ಬೇಡಮ್ಮ. ನಾಳೆಯಿಂದ ಇದನ್ನೇ ಹಿಡ್ಕೊಂಡು ಎಲ್ಲರೂ ಆಡ್ಕೋತಾರೆ ಇವಳನ್ನ."

"ಮತ್ತೆ ಯಾರು ಮಾತಾಡೋದು? ಸುಮ್ನೆ ವರದಿ ಓದಿದ್ರೆ ಯಾರೂ ಕೈ ಬಿಚ್ಚಲ್ಲ. ನಿಜವಾಗಿ ನಡೆದದ್ದು ಬೇಕು, ಮಾಮ. ಇಲ್ಲಾಂದ್ರೆ ಮುಂದಿನ ತಿಂಗಳೇ ತರಗತಿ ಮುಚ್ಚಬೇಕು." ಕೆಟ್ಟ ಹೆಂಗಸೇನಲ್ಲ ಅವಳು, ಪಾಪ, ಆರು ತಿಂಗಳಿಂದ ಇದಕ್ಕಾಗಿಯೇ ಅಲೆದು ಸೋತಿದ್ದಳು.

ನಿಜವಾಗಿ ನಡೆದದ್ದೊಂದು ಮಾಮನ ಬಳಿಯೂ ಇತ್ತು. ಹತ್ತು ವರ್ಷದವರಿದ್ದಾಗ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ, ಏನಾಗುತ್ತದೋ ನೋಡೋಣವೆಂದು ಹಳೆಯ ಪೇಪರಿಗೆ ಕಡ್ಡಿ ಗೀರಿದ್ದು ಅವರು. ಕೊಟ್ಟಿಗೆ ಬೂದಿಯಾಯಿತು, ಅಡುಗೆಮನೆಯ ಅರ್ಧ ಚಾವಣಿಯೂ ಹೋಯಿತು. ಅಪ್ಪ ಇಬ್ಬರನ್ನೂ ನಿಲ್ಲಿಸಿ ಕೇಳಿದಾಗ, ಸಂಜೆ ಸೌದೆ ತರಲು ಹೋಗಿದ್ದ ಅಕ್ಕ, "ನಾನೇ ದೀಪ ಮರೆತು ಬಂದ್ನೇನೋ" ಎಂದುಬಿಟ್ಟಳು. ತಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಬೀಗದ ಕೈ, ಬ್ಯಾಂಕಿಗೆ ಹೋಗಿಬರುವ ಕೆಲಸ, ನಂಬಿಕೆ ಎಲ್ಲ ತಮ್ಮನ ಪಾಲಿಗೆ ಬಂತು. ಅಪ್ಪ ಸಾಯುವವರೆಗೂ ಅಕ್ಕ 'ಮರೆಗುಳಿ'ಯಾಗಿಯೇ ಉಳಿದಳು. ತಾನೇ ಮನೆ ಸುಟ್ಟವಳೆಂದು ಇವತ್ತಿಗೂ ನಂಬಿದ್ದಳು.

ಈಗ ಹೇಳಿದರೆ ತರಗತಿ ಉಳಿದೀತು, ಅಕ್ಕ ಉಳಿಯುತ್ತಾಳೋ ಇಲ್ಲವೋ. ಮೊದಲು ಅವಳ ಕಿವಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಐವತ್ತಾರು ವರ್ಷದಲ್ಲಿ ಆಗದ್ದು ಐದು ನಿಮಿಷದಲ್ಲಿ ಆಗುತ್ತದೆಯೇ? ಧೈರ್ಯಕ್ಕೆ ಎರಡು ಪದಕ ಪಡೆದ ಮನುಷ್ಯನಿಗೆ ಅಕ್ಕನ ಮುಖ ನೋಡುವ ಧೈರ್ಯವಿರಲಿಲ್ಲ.

"ನೀನು ಹೋಗಿ ಊಟ ಮಾಡು ಮಗು," ಎಂದು ಹುಡುಗಿಯ ಕಾಗದ ಇಸಿದುಕೊಂಡು ಎದ್ದರು.

ಮೈಕಿನಲ್ಲಿ ಕೊಟ್ಟಿಗೆಯ ಕಥೆಯನ್ನು ಉಪ್ಪುಖಾರ ಹಚ್ಚದೆ ಹೇಳಿದರು. "ಬೆಂಕಿ ಹಚ್ಚಿದ ಹುಡುಗ ನಾನು. ಹೆದರಿ ಸುಮ್ಮನಾದೆ. ಯಾರಾದ್ರೂ ಪಕ್ಕಕ್ಕೆ ಕರೆದು, ಬೈಯದೆ ಕೇಳಿದ್ರೆ ಅವತ್ತೇ ಹೇಳಿರ್ತಿದ್ದೆ. ಭಾನುವಾರ ನಾನು ಮಾಡೋದು ಅಷ್ಟೇ, ಪಕ್ಕಕ್ಕೆ ಕರೆದು ಕೇಳೋದು. ನನ್ನ ತಪ್ಪು ಹೊತ್ತವಳು ನಮ್ಮಕ್ಕ. ಅಗೋ, ಅಲ್ಲಿ ಕೂತಿದ್ದಾಳೆ."

ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕಾರ್ಯದರ್ಶಿ ಮೂಗು ಒರೆಸಿಕೊಳ್ಳುತ್ತ ದೇಣಿಗೆ ಚೀಟಿ ಹಂಚಲು ಓಡಿದಳು. ಜೇಬುಗಳಿಂದ ಪೆನ್ನುಗಳು ಹೊರಬಂದವು. ತರಗತಿ ಉಳಿಯಿತು, ಎರಡು ಮಾತಿಲ್ಲ.

ಎದ್ದು ನಿಲ್ಲದವಳು ಅಕ್ಕ ಒಬ್ಬಳೇ. ಮಾಮ ಮೇಜಿನ ಹತ್ತಿರ ಬಂದರು. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕುರ್ಚಿ ಎಳೆದುಕೊಟ್ಟಳು.

"ಕೂತ್ಕೋ. ಎಲ್ಲರೂ ನೋಡ್ತಿದ್ದಾರೆ."

ಕೂತರು. ಅವಳು ತಟ್ಟೆ ನೋಡಿಕೊಂಡೇ ಹೇಳಿದಳು. "ಅಪ್ಪ ಹಾಸಿಗೆ ಹಿಡಿದಾಗ ನನ್ನ ಕೈಯಿಂದ ಮಾತ್ರೆ ತಗೊಳ್ತಿರಲಿಲ್ಲ ಕಣೋ, ನಾನು ಮರೆತು ಎರಡು ಸಲ ಕೊಡ್ತೀನಿ ಅಂತ. ಎಷ್ಟೇ ನೋವಾಗ್ಲಿ, ನೀನು ಡ್ಯೂಟಿ ಮುಗಿಸಿ ಬರೋವರೆಗೂ ಹಲ್ಲು ಕಚ್ಕೊಂಡು ಕಾಯ್ತಿದ್ರು. ಅವತ್ತಾದ್ರೂ ಹೇಳಬಹುದಿತ್ತಲ್ಲೋ."