ಕೈ ನಿಂತರೆ ಕವಿತೆ

ಬೆಳಗಿನ ಆರು ಗಂಟೆ. ಕೊಡಗಿನ ಚೆಟ್ಟಳ್ಳಿ ಸಮೀಪದ ಕಾಫಿ ಎಸ್ಟೇಟೊಂದರ ಕೂಲಿಯವರ ಲೈನ್ ಮನೆಯ ಜಗಲಿಯಲ್ಲಿ ಯಮುನಾ ತೆಳ್ಳನೆಯ ಕವನ ಪುಸ್ತಿಕೆ ಹಿಡಿದು ಕೂತಿದ್ದಾರೆ. ಮಗ್ಗಿ ಬಾಯಿಪಾಠ ಮಾಡುವ ಮಕ್ಕಳಂತೆ ತುಟಿ ಅಲ್ಲಾಡುತ್ತಿದೆ. ಎಂಟಕ್ಕೆ ತೋಟದ ಲೆಕ್ಕ ನೋಡುವ ರೈಟರ್ ಹಾಜರಿ ಕೂಗುವುದರೊಳಗೆ ಒಂದು ಕವಿತೆಯಾದರೂ ಬಾಯಿಗೆ ಬರಬೇಕು. ತೋಟದೊಳಗೆ ಪುಸ್ತಕ ಒಯ್ಯುವಂತಿಲ್ಲ. "ಬಾಯಿಗೆ ಬರ್ಲಿಲ್ಲ ಅಂದ್ರೆ ಅದು ಇಲ್ಲೇ ಫೇಲು," ಎನ್ನುತ್ತಾರೆ, ತಲೆ ಎತ್ತದೆ.

ಮೂವತ್ತೆಂಟರ ಯಮುನಾ ಕಾಫಿ ಕುಯ್ಯುವ ಕೆಲಸದವರು. ಓದಿದ್ದು ಏಳನೇ ತರಗತಿ. ಸೋಮವಾರಪೇಟೆಯಿಂದ ಬರುವ ಎಂಟು ಪುಟದ ಮಾಸಿಕವೊಂದಕ್ಕೆ ಆರು ವರ್ಷದಿಂದ ಹೊಸ ಕವನ ಪುಸ್ತಿಕೆಗಳ ವಿಮರ್ಶೆ ಬರೆಯುತ್ತಿರುವವರೂ ಇವರೇ. ಶುರುವಾದದ್ದು ಹೀಗೆ: ಬಸ್ಸಿನ ಸೀಟಿನಲ್ಲಿ ಯಾರೋ ಬಿಟ್ಟುಹೋದ ಕವನ ಪುಸ್ತಿಕೆ ಓದಿ, 'ಇದು ನಮಗೆ ಹತ್ತಲಿಲ್ಲ' ಎಂದು ಅದರ ಹಿಂಬದಿಯ ವಿಳಾಸಕ್ಕೆ ಕಾರ್ಡು ಹಾಕಿದ್ದರು. ವಿಳಾಸ ಆ ಪುಸ್ತಿಕೆಯನ್ನು ಅಚ್ಚು ಹಾಕಿಸಿದ್ದ, ಮಾಸಿಕದ ಸಂಪಾದಕ ಅಶ್ವಥ್ ಅವರದು. ಅವರು ಬೇಜಾರಾಗುವ ಬದಲು ಇನ್ನೆರಡು ಪುಸ್ತಿಕೆ ಕಳಿಸಿದರು.

ವಿಮರ್ಶೆಯ ಕೆಳಗೆ ಎರಡು ಹೆಸರಿರುತ್ತವೆ: ಯಮುನಾ, ಕೆಂಚಿ. ಅರವತ್ತು ದಾಟಿದ ಕೆಂಚಿ ಪಕ್ಕದ ಗಿಡದಲ್ಲಿ ಹಣ್ಣು ಬಿಡಿಸುವವರು, ಅಕ್ಷರ ಬಾರದವರು. ಯಮುನಾ ಕುಯ್ಯುತ್ತ ಕವಿತೆ ಹೇಳುತ್ತಾರೆ, ಕೆಂಚಿ ಕುಯ್ಯುತ್ತ ಕೇಳುತ್ತಾರೆ. ಎಲ್ಲಿ ಕೆಂಚಿಯ ಕೈ ನಿಲ್ಲುತ್ತದೋ ಅಲ್ಲಿಗೆ ಸಂಜೆ ಪೆನ್ಸಿಲ್ ಗುರುತು ಬೀಳುತ್ತದೆ. ಅಷ್ಟೇ ಇವರ ವಿಮರ್ಶಾ ಸಿದ್ಧಾಂತ. ದಿನಕ್ಕೆ ಎಪ್ಪತ್ತು ಕಿಲೋ ಕುಯ್ಯುವವರ ಕೈ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ಇದುವರೆಗೆ ಬಂದ ನಲವತ್ತಮೂರು ಪುಸ್ತಿಕೆಗಳಲ್ಲಿ ಕೈ ನಿಂತದ್ದು ಹನ್ನೊಂದಕ್ಕೆ. ಸಿಟ್ಟಾದ ಕವಿಗಳು ಫೋನ್ ಮಾಡಿ ಬೈದದ್ದೂ ಉಂಟು.

"ಬೈಲಿ ಬಿಡಿ," ಎನ್ನುತ್ತಾರೆ ಕೆಂಚಿ. "ನಾನೇನ್ ಅವ್ರ ಕೈ ಹಿಡ್ದು ಬರ್ಸಿದ್ನಾ?"

ಇಬ್ಬರೂ ಸೇರಿ ಕವಿತೆ ಕಟ್ಟುವುದೂ ಹೀಗೆಯೇ. ಒಬ್ಬರು ಒಂದು ಸಾಲು ಎಸೆದರೆ ಇನ್ನೊಬ್ಬರು ಮುಂದಿನದು ಹೇಳಬೇಕು. ಒಂದು ಬೆಳಿಗ್ಗೆ ಯಮುನಾ ಹೇಳಿದ್ದು: 'ಮಂಜು ಸರಿದಾಗ ಗಿಡಗಳೆಲ್ಲ ಹಾಜರಿದ್ದವು.' ಕೆಂಚಿ ಸೇರಿಸಿದ್ದು: 'ಹೋದ ವರ್ಷ ನನ್ನ ಜತೆ ಕುಯ್ದವಳು ಮಾತ್ರ ಇರಲಿಲ್ಲ.'

ಇಂಥ ಹದಿನಾರು ಕವಿತೆಗಳನ್ನು ಪುಸ್ತಿಕೆ ಮಾಡಲು ಕಳೆದ ತಿಂಗಳು ಪ್ರಕಾಶಕರೊಬ್ಬರು ಒಪ್ಪಿದರು. ಆದರೆ ಮುಖಪುಟದಲ್ಲಿ ಯಮುನಾ ಹೆಸರೊಂದೇ. ಓದು ಬರಹ ಬಾರದ ಕೆಂಚಿಗೆ ಒಳಪುಟದಲ್ಲಿ ಕೃತಜ್ಞತೆ ಹೇಳಿದರಾಯಿತಂತೆ.

ಯಮುನಾ ಎರಡು ದಿನ ಈ ವಿಷಯವನ್ನು ಕೆಂಚಿಗೆ ಹೇಳಲಿಲ್ಲ. "ಆಸೆ ಇರ್ಲಿಲ್ಲಾಂತ ಸುಳ್ಳು ಹೇಳಲ್ಲ ಸಾರ್. ನನ್ ಹೆಸರಲ್ಲಿ ಪುಸ್ತಕ ಅಂದ್ರೆ ಬಾಯಲ್ಲಿ ನೀರೂರ್ತು. ಈಗ ನೆನೆಸ್ಕೊಂಡ್ರೆ ನಾಚ್ಕೆ ಆಗುತ್ತೆ."

ಆ ಎರಡು ದಿನ ಒಂದು ಸಾಲೂ ಹುಟ್ಟಲಿಲ್ಲ. ಮೂರನೇ ದಿನ ಕೆಂಚಿಯೇ ಕೇಳಿದರು: "ಏನ್ ಮಗಾ, ಏನೋ ಹೊಟ್ಟೇಲಿ ಇಟ್ಕೊಂಡಿದ್ದೀಯ." ಯಮುನಾ ಎಲ್ಲ ಹೇಳಿದರು. ಕೆಂಚಿ ಕೋಪಿಸಿಕೊಳ್ಳಲಿಲ್ಲ. "ನನ್ ಹೆಸ್ರು ತೆಗಿ. ಹಂಗೇ ನಾನ್ ಹೇಳಿದ್ದನ್ನೂ ತೆಗ್ದು ಒಂದ್ಸಲ ಹೇಳು, ಕೇಳ್ತೀನಿ" ಎಂದರು.

ಮರುದಿನ ಯಮುನಾ ಹಾಗೆಯೇ ಹೇಳಿದರು. ಮಂಜು ಸರಿಯಿತು, ಗಿಡಗಳೆಲ್ಲ ಹಾಜರಿದ್ದವು. ಹದಿನಾರೂ ಕವಿತೆ ಮುಗಿದವು. ಕೆಂಚಿಯ ಕೈ ಒಮ್ಮೆಯೂ ನಿಲ್ಲಲಿಲ್ಲ.

"ಕೆಂಚಕ್ಕ ಬೇಕೂಂತ ಮಾಡ್ಲಿಲ್ಲ ಸಾರ್. ನನಗೇ ಗೊತ್ತಾಯ್ತು, ನನ್ ಕೈಯೂ ನಿಂತಿರ್ಲಿಲ್ಲ."

ಅಂದು ಸಂಜೆಯೇ ಪ್ರಕಾಶಕರಿಗೆ ಕಾರ್ಡು ಹೋಯಿತು: ಎರಡು ಹೆಸರು, ಇಲ್ಲದಿದ್ದರೆ ಬೇಡ. ಉತ್ತರ ಬಂದಿಲ್ಲ. ಹದಿನಾರೂ ಕವಿತೆ ಬರೆದಿಟ್ಟ ನೋಟ್‌ಬುಕ್ ಯಮುನಾ ಮನೆಯ ಅಕ್ಕಿ ಡಬ್ಬದ ಮೇಲಿದೆ.

ಹಾಜರಿ ಮುಗಿದು ತೋಟಕ್ಕಿಳಿದ ಮೇಲೆ, ಪುಸ್ತಕ ಬಂದರೆ ಏನಾಗಬೇಕು ಎಂದು ಕೇಳುತ್ತೇನೆ. ಯಮುನಾ ಚೀಲವನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತ ಯೋಚಿಸುತ್ತಾರೆ. "ಬೇರೆ ಯಾವ್ದೋ ತೋಟದಲ್ಲಿ ಯಾರಾದ್ರೂ ಅದನ್ನ ಹೇಳ್ಬೇಕು. ಅಲ್ಲಿ ಒಬ್ಬಳ ಕೈ ನಿಲ್ಬೇಕು. ಅಷ್ಟೇ."

"ನಿಂತಿದ್ದಕ್ಕೆ ರೈಟರ್ ಅವ್ಳಿಗೆ ಬೈಬೇಕು," ಎನ್ನುತ್ತಾರೆ ಕೆಂಚಿ, ಮುಂದಿನ ಗಿಡಕ್ಕೆ ಕೈ ಹಾಕುತ್ತ.