ಮೂರು ಕಣ್ಣಿನ ಮೀನೇ ಸಕಾರ

ಫೋನು ಕಿವಿಗೆ ತಾಗಿತೆಂದರೆ ನನ್ನ ಬಲಗೈಗೆ ಎಲ್ಲಿಲ್ಲದ ಸ್ವಾತಂತ್ರ್ಯ ಬಂದುಬಿಡುತ್ತದೆ. ಬಾಯಿ ತಂಗಿಯೊಡನೆ ಬೇಳೆಯ ಒಗ್ಗರಣೆಯನ್ನು ಕುರಿತು ಗಂಭೀರವಾಗಿ ವಿಮರ್ಶೆ ನಡೆಸಿರುವಾಗ ಕೈ ತನ್ನ ಪಾಡಿಗೆ ಕರೆಂಟು ಬಿಲ್ಲಿನ ಅಂಚಿನಲ್ಲಿ ಕೊಂಬು ಮೂಡಿದ ಚಂದ್ರ, ಮೂರು ಕಣ್ಣಿನ ಮೀನು, ಬಾಲವಿರುವ ಗಂಟೆ ಎಂದೆಲ್ಲ ಗೀಚುತ್ತಿರುತ್ತದೆ. ನಿಮ್ಮ ಕೈಯೂ ಕಡಿಮೆಯದೇನಲ್ಲವೆಂದು ಬಲ್ಲೆ; ನೀವು ಬಿಲ್ಲು ಕಟ್ಟಿ ಅದನ್ನು ಮರೆಯುತ್ತೀರಿ, ನಾನು ಆ ಗೀಚುಗಳನ್ನು ಕಂಪ್ಯೂಟರಿಗೇರಿಸಿ ಫಾಂಟು ಮಾಡಿ ಮಾರುತ್ತೇನೆ.

ಬೀದರಿನ ಚಿದ್ರಿಯಲ್ಲಿ, ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಇಲ್ಲದ ಮಂತ್ರವಾದಿಗಳಿಗೆ ಇಲ್ಲದ ಲಿಪಿ ರಚಿಸಿಕೊಡುವುದೇ ನನ್ನ ಉದ್ಯೋಗ. ಮೊಬೈಲಿನ ಆಟಗಳನ್ನು ತಯಾರಿಸುವವರಿಗೆ ಗುಹೆಯ ಬಾಗಿಲ ಮೇಲೆ, ಮಾಯದ ಕತ್ತಿಯ ಮೇಲೆ ಕೆತ್ತಲು ನಿಗೂಢ ಚಿಹ್ನೆಗಳು ಬೇಕು. ಅವಕ್ಕೆ ಯಾವ ಭಾಷೆಯಲ್ಲೂ ಅರ್ಥ ಇರಕೂಡದೆಂಬುದೇ ಅವರ ಷರತ್ತು. ಅರ್ಥವತ್ತಾಗಿ ಬರೆಯುವುದು ಕಷ್ಟವೆನ್ನುವವರು ಒಮ್ಮೆ ಅರ್ಥಹೀನವಾಗಿ ಬರೆದು ನೋಡಬೇಕು. ಅಂಗಡಿಯ ಬೋರ್ಡುಗಳಲ್ಲಿ ಕನ್ನಡ, ಉರ್ದು, ಮರಾಠಿ, ಇಂಗ್ಲಿಷು ಮೈಗೆ ಮೈ ತಾಗಿಸಿ ಕೂತಿರುವ ಈ ಊರಿನಲ್ಲಿ ಯಾವ ಗೆರೆ ಎಳೆದರೂ ಅದು ಯಾರದೋ ಮನೆಯ ಅಕ್ಷರದೊಂದಿಗೆ ನೆಂಟಸ್ತಿಕೆ ಹೇಳಿಕೊಳ್ಳುತ್ತದೆ. ಕೆಳಗಿನ ಅಂಗಡಿಯ ಶಾಹಿನ್ ಆಪಾ ನನ್ನದೊಂದು ಚಿಹ್ನೆಯಲ್ಲಿ ಉರ್ದುವಿನ ಲಕಾರ ಕಂಡು, "ಯೇ ತೋ ಲಾಮ್ ಹೈ, ಖರೆ ಜ್ವರ ಬಂದಂಗ ಕಾಣ್ತದ" ಎಂದರು. ನನ್ನ ಗಂಡನಿಗೆ ಅದರಲ್ಲೇ ಸೈಕಲ್ ಪಂಪು ಕಂಡಿತು. ಅದನ್ನು ಅಳಿಸಿ ಬೇರೆ ಬರೆದೆ.

ಇಂಥ ನಾನು ಅರ್ಥವಿಲ್ಲದ್ದನ್ನು ಬರೆದು ಅನರ್ಥ ತಂದುಕೊಂಡದ್ದನ್ನು ಹೇಳುತ್ತೇನೆ, ಕೇಳಿ. ಭಾಲ್ಕಿಯಲ್ಲಿರುವ ತಂಗಿಯ ಮಗಳು ಅಕ್ಷತಾಳಿಗೆ ಠಾಣಾ ಕುಶನೂರಿನ ವರ ಗೊತ್ತಾಗಿದ್ದ; ಅವಳು ಮನಸಾರೆ ಮೆಚ್ಚಿದ ಹುಡುಗ. ಲಗ್ನಪತ್ರಿಕೆಯ ವಿನ್ಯಾಸ ನನ್ನ ಪಾಲಿಗೆ ಬಂತು, ಅಚ್ಚಿನ ಕೆಲಸ ಭಾಲ್ಕಿಯ ರಫೀಕ್ ಭಾಯಿಯ ಪ್ರೆಸ್ಸಿಗೆ ಹೋಯಿತು. ಕನ್ನಡದ ಒಂದೊಂದು ಅಕ್ಷರದ ಕೀಲಿಗೂ ಒಂದೊಂದು ಚಿಹ್ನೆ ಕೂರಿಸಿದ್ದ ನನ್ನ ಫಾಂಟನ್ನು ಹಿಂದೊಮ್ಮೆ ಅವರ ಕಂಪ್ಯೂಟರಿನಲ್ಲೇ ಮುದ್ರಿಸಿ ನೋಡಿ, ಅಲ್ಲೇ ಬಿಟ್ಟು ಬಂದಿದ್ದೆ. ಹಳೆಯ ಕನ್ನಡ ಫಾಂಟುಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಫಾಂಟು ಬದಲಾದರೆ ಬರೆದದ್ದೆಲ್ಲ ವೇಷ ಬದಲಿಸುತ್ತದೆ. ಹೇಗೋ ಏನೋ, ಪತ್ರಿಕೆಯ ನೆತ್ತಿಯ ಮೇಲಿನ 'ಶ್ರೀ ಗುರು ಬಸವಲಿಂಗಾಯ ನಮಃ' ಎಂಬ ಒಂದೇ ಸಾಲಿನ ಮೇಲೆ ನನ್ನ ಫಾಂಟು ಸವಾರಿ ಮಾಡಿತು. ರಫೀಕ್ ಭಾಯಿ ಅದನ್ನು ನನ್ನ ಹೊಸ ನಮೂನೆಯ ಬಳ್ಳಿಯೆಂದು ಮೆಚ್ಚಿಕೊಂಡೇ ಅಚ್ಚು ಹಾಕಿದರು. ಹಂಚಿದವರಾಗಲಿ, ತೆಗೆದುಕೊಂಡವರಾಗಲಿ ಗಮನಿಸಲಿಲ್ಲ. ಲಗ್ನಪತ್ರಿಕೆಯಲ್ಲಿ ನಾವೆಲ್ಲ ಮೊದಲು ಓದುವುದು ನಮ್ಮ ಹೆಸರನ್ನು, ಆಮೇಲೆ ಊಟದ ಹೊತ್ತನ್ನು.

ಗಮನಿಸಿದ್ದು ವರನ ಅಜ್ಜಿ ಗುರಮ್ಮ; ಊರೆಲ್ಲ ಅವರನ್ನು ಆಯಿ ಎನ್ನುತ್ತದೆ. ಇಷ್ಟಲಿಂಗದ ಹೊರತು ಒಂದು ತಾಯಿತವನ್ನೂ ಹೊಸ್ತಿಲೊಳಗೆ ಬಿಡದ ಶರಣರ ಮನೆ ಅದು. ತಂಗಿ ಫೋನಿನಲ್ಲಿ ಅಳುತ್ತಿದ್ದಳು: "ಅಕ್ಕಾ, ಬಸವಣ್ಣೋರ ಹೆಸರಿನ ಜಾಗಾದಾಗ ಯಂತ್ರ ಬರೆಸ್ಯಾರ, ಮಾಟ-ಮಂತ್ರದ ಮನಿ ಹೆಣ್ಣು ನಮಗ ಬ್ಯಾಡ ಅನ್ಲಕತ್ತಾರ. ಅಕ್ಷತಾ ಉಣ್ಣದ ಕೂತಾಳ." ಅಂದು ಮಾತ್ರ ನನ್ನ ಬಲಗೈ ಏನನ್ನೂ ಗೀಚಲಿಲ್ಲ.

ಮರುದಿನ ಬೆಳಿಗ್ಗೆ ಠಾಣಾ ಕುಶನೂರಿನ ಬಸ್ಸು ಹಿಡಿದೆ. ಎರಡೂ ಕಡೆ ತೊಗರಿ ಹೂಬಿಟ್ಟು ನಿಂತಿದ್ದರೂ ನೋಡುವ ಮನಸ್ಸಿರಲಿಲ್ಲ. ಇವು ಬರೀ ಗೀಚು, ಇವಕ್ಕೆ ಅರ್ಥವೇ ಇಲ್ಲ ಎಂಬ ವಾದವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಪಡಸಾಲೆಯಲ್ಲಿ ಕೂತಿದ್ದ ಆಯಿಯ ಮುಂದೆ ಅದನ್ನು ಒಪ್ಪಿಸಿದೆ ಕೂಡ.

"ಅರ್ಥ ಇಲ್ಲಂದ್ರ ಬರದ್ಯಾಕವ್ವಾ?" ಎಂದರು ಆಯಿ.

ಅದು ನನ್ನ ಇಡೀ ಉದ್ಯೋಗಕ್ಕೇ ಹಾಕಿದ ಪ್ರಶ್ನೆ. ವೃತ್ತಿಗೌರವವನ್ನು ಬದಿಗಿಟ್ಟು ಅವರ ಪಕ್ಕಕ್ಕೆ ಸರಿದು ಕೂತು, ಪತ್ರಿಕೆಯ ಆ ಸಾಲಿನ ಮೇಲೆ ಬೆರಳಿಟ್ಟೆ. "ಆಯಿ, ಈ ಚಂದ್ರ ಅದನಲ್ರಿ, ಇದು ಬ. ಈ ಮೀನು ಸ. ಈ ಗಂಟಿ ವ. ಹೆಸರು ಇಲ್ಲೇ ಅದರಿ, ವೇಷ ಬ್ಯಾರೆ ಅಷ್ಟೇ."

ಆಯಿ ಪತ್ರಿಕೆಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು. "ನನಗ ಓದಾಕ ಬರಲ್ಲ. ಗೋಡಿ ಮ್ಯಾಲಿನ ಪಟದಾಗ ಬಸವಣ್ಣೋರ ಹೆಸರು ದಿನಾ ಮುಟ್ಟಿ ಶರಣು ಮಾಡ್ತೇನಿ, ಅದರ ಆಕಾರ ಒಂದು ಗೊತ್ತು. ಇದರಾಗ ಅದು ಕಾಣಲಿಲ್ಲ, ಎದಿ ಝಲ್ ಅಂತು. ಉಳಿದ ನಿಮ್ಮ ಅಕ್ಷರ ಎಲ್ಲಾ ನನಗ ಹೀಂಗೇ ಕಾಣ್ತಾವ." ಹಾಗೆಂದು ಆ ಸಾಲನ್ನು ಅಂಗೈಯಿಂದ ಮುಚ್ಚಿ, ಪತ್ರಿಕೆಯ ಖಾಲಿ ಜಾಗ ತೋರಿಸಿದರು. "ಖರೆ ಇದ್ರ ಆ ಹೆಸರು ನೋಡದ ಬರಿ."

ಅಕ್ಷತಾಳ ಹಣೆಬರಹ ನನ್ನ ಕೈಬರಹಕ್ಕೆ ಬಂದು ನಿಂತಿತ್ತು. ಎಷ್ಟು ಬಿಲ್ಲುಗಳ ಮೇಲೆ ಪಳಗಿದ ಕೈ ಅದು! ಚಂದ್ರ, ಮೀನು, ಗಂಟೆ ಬರೆಯಿತು. ಆಯಿ ಅಂಗೈ ತೆಗೆದು, ಒಂದೊಂದರ ಮೇಲೂ ಬೆರಳಿಟ್ಟು, ಕೊಂಬು, ಕಣ್ಣು, ಬಾಲಗಳನ್ನೆಲ್ಲ ತಾಳೆ ನೋಡಿದರು. ಆಮೇಲೆ ಮೂರನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗಿನವರಿಗೆ, "ಬೀಗರಿಗಿ ಚಾ ತರ್ರಿ, ಸಕ್ರಿ ಜರಾ ಜಾಸ್ತಿ ಹಾಕ್ರಿ" ಎಂದರು. ಬೀಗರು ಎಂಬ ಪದ ಕಿವಿಗೆ ಅಷ್ಟು ಸಿಹಿಯಾಗಿ ಕೇಳಿದ್ದು ಅದೇ ಮೊದಲು.

ಲಗ್ನದ ದಿನ ಆಯಿ ಪತ್ರಿಕೆ ಹಿಡಿದುಕೊಂಡು ಕೂತು, ಬಂದ ಹೆಂಗಸರಿಗೆಲ್ಲ ಬೆರಳಿಟ್ಟು ಓದಿ ಹೇಳುತ್ತಿದ್ದರು: ಇದು ಬ, ಇದು ಸ, ಇದು ವ. ಯಾರೂ ಓದಬಾರದೆಂದೇ ಕಟ್ಟಿದ ನನ್ನ ಲಿಪಿಗೆ ಒಬ್ಬ ಓದುಗಾರ್ತಿ ಸಿಕ್ಕಿದ್ದಳು. ಆಟ ತಯಾರಿಸುವವರು ಗುಹೆಯ ಬಾಗಿಲಿಗೆ ಮೂರು ಚಿಹ್ನೆ ಆರಿಸಿಕೊಡಿ, ಅರ್ಥ ಇಲ್ಲ ತಾನೆ, ಎಂದು ಕೇಳಿದಾಗ ಯಾವ ಮೂರನ್ನು ಕಳಿಸಿದೆನೆಂದು ನಿಮಗೆ ಹೇಳಬೇಕಿಲ್ಲ.

ನಿನ್ನೆ ಅಕ್ಷತಾ ಫೋನು ಮಾಡಿದ್ದಳು. "ದೊಡ್ಡವ್ವಾ, ಆಯಿಗೆ ತಮ್ಮ ಹೆಸರು ಬರೆಯೋದು ಕಲೀಬೇಕಂತ. ಕನ್ನಡದಾಗ ಕಲಸ್ತೇನಿ ಅಂದ್ರ, ಅದು ಆಮ್ಯಾಲ, ಮೊದಲು ಮೀನಿಂದು ಅಂತಾರ." ನಾನು ನಗುತ್ತ ಫೋನಿಡುವಷ್ಟರಲ್ಲಿ ಬಲಗೈ ಕರೆಂಟು ಬಿಲ್ಲಿನ ಅಂಚಿನಲ್ಲಿ ಆ ಚಿಹ್ನೆಗಳಲ್ಲೇ 'ಗುರಮ್ಮ' ಎಂದು ಬರೆದು ಮುಗಿಸಿತ್ತು.