ಕಾಲು ನೋಡುವ ಸುಬ್ರಾಯರು

ಸುಬ್ರಾಯರು ಯಾರನ್ನೇ ಕಂಡರೂ ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಮುಖ. ಹೊಸಬರು ಇದನ್ನು ವಿನಯ ಅಂದುಕೊಳ್ಳುತ್ತಿದ್ದರು. ಕೆಲವು ಹೆಂಗಸರು ಕಾಲುಂಗುರ ಸರಿಯಾಗಿದೆಯೇ ಎಂದು ತಾವೂ ಬಗ್ಗಿ ನೋಡಿಕೊಳ್ಳುತ್ತಿದ್ದರು. ವಿನಯವೂ ಅಲ್ಲ, ಕಾಲುಂಗುರವೂ ಅಲ್ಲ. ಹಾಕಿಯಲ್ಲಿ ಚೆಂಡು ಆಟಗಾರನ ಕಾಲಿಗೆ ತಾಗಿದರೆ ತಪ್ಪು. ಆ ತಪ್ಪನ್ನು ಹಿಡಿಯಲಿಕ್ಕೆಂದೇ ಇಪ್ಪತ್ತು ವರ್ಷ ತಲೆ ತಗ್ಗಿಸಿಕೊಂಡು ಮೈದಾನದಲ್ಲಿ ಓಡಿದ ಅಂಪೈರ್ ಅವರು. ಮೈದಾನ ಬಿಟ್ಟ ಮೇಲೂ ಆ ಕಣ್ಣು ಮೇಲೇಳಲಿಲ್ಲ.

ಒಮ್ಮೆ ಸಾಗರದಲ್ಲಿ ಒಂದು ಮದುವೆಯ ಊಟ ಮುಗಿಸಿ ಕೈ ತೊಳೆಯುವ ಸಾಲಿನಲ್ಲಿ ನಿಂತಿದ್ದೆ. ನಾನು ಸ್ಟಿಕ್ ಕೆಳಗಿಟ್ಟು ಎಷ್ಟೋ ವರ್ಷವಾಗಿತ್ತು. ಎರಡು ಹೆತ್ತು ಮೈಯೂ ಬಂದಿತ್ತು. ಹಿಂದಿನಿಂದ ಒಂದು ದನಿ ಕೇಳಿತು: "ಎಡಗಾಲು ಇನ್ನೂ ಹೊರಗೇ ಹಾಕ್ತೀಯಲ್ಲೇ ಮಾರಾಯ್ತಿ. ಹೊಸನಗರದ ರೈಟ್ ಹಾಫ್ ಅಲ್ವಾ ನೀನು?" ತಿರುಗಿ ನಗುತ್ತಾ ನಿಂತರೆ ನನ್ನ ಮುಖ ಅವರಿಗೆ ಗುರುತೇ ಸಿಗಲಿಲ್ಲ. ಮತ್ತೊಮ್ಮೆ ಕಾಲು ನೋಡಿ ಖಾತ್ರಿ ಮಾಡಿಕೊಂಡರು.

ಸಾಗರದ ಒಂದು ಹೈಸ್ಕೂಲಿನಲ್ಲಿ ಅವರು ಗುಮಾಸ್ತರು. ಬಿಳಿ ಅಂಗಿ, ಪಾದದಿಂದ ನಾಲ್ಕು ಬೆರಳು ಮೇಲೆ ನಿಂತ ಪ್ಯಾಂಟು, ಅಂಗಿಯ ಜೇಬಿನಲ್ಲಿ ಕರಿದಾರ ಕಟ್ಟಿದ ಒಂದು ಹಿತ್ತಾಳೆಯ ಸೀಟಿ. ಹಾಗಾಗಿ ಸುತ್ತಲಿನ ಮೂರು ತಾಲೂಕಿಗೂ ಅವರು ಸೀಟಿ ಸುಬ್ರಾಯರು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅದೇ ಸೀಟಿ ನನ್ನ ಮೇಲೂ ಊದಿತ್ತು. ಚೆಂಡು ನನ್ನ ಕಾಲಿಗೆ ತಾಗಿತ್ತು, ತಾಗಿಲ್ಲ ಎಂದು ನಾನು ಜಗಳಕ್ಕೆ ನಿಂತೆ. ಬಾಯಿ ನನಗೆ ಆಗಲೇ ಜೋರು. ಎರಡು ನಿಮಿಷ ಹೊರಗೆ ಕೂರಿಸಿದರು. ನಾವು ಒಂದು ಗೋಲಿನಲ್ಲಿ ಸೋತೆವು. ಆಟ ಮುಗಿದ ಮೇಲೆ ನಾನು ಅಳುತ್ತಿದ್ದಲ್ಲಿಗೆ ಬಂದು ಒಂದು ಉಂಡೆ ಬೆಲ್ಲ, ಒಂದು ಲೋಟ ನೀರು ಕೊಟ್ಟು ಹೇಳಿದರು: "ಅಳು, ಬೇಡ ಅನ್ನಲ್ಲ. ಆದ್ರೆ ಕರುಣೆಗೆ ಗೋಲು ಕೊಡಕ್ಕೆ ಬರಲ್ಲ ಮಗಾ." ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಮುಂದೆ ಟೀಚರಾಗಿ ಮಕ್ಕಳ ಉತ್ತರಪತ್ರಿಕೆ ತಿದ್ದುವಾಗಲೂ ಎಷ್ಟೋ ಸಲ ನೆನಪಾಗಿದೆ.

ನಾನು ಅವರನ್ನು ನಿಜವಾಗಿ ಬಲ್ಲವಳಾದದ್ದು ಗೋಡೆಯ ದೆಸೆಯಿಂದ. ಹೊಸನಗರದ ಮೈದಾನದ ಪಕ್ಕದಲ್ಲಿ ನಮ್ಮದೊಂದು ಹಾಕಿ ಬಳಗದ ಕೋಣೆ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಊರಿಗೆ ಸೇರಿದ್ದು. ಆ ಕೋಣೆಯ ಒಂದು ಗೋಡೆಯ ಮೇಲೆ ಆಟ ನಿಲ್ಲಿಸಿದ ಹಳೆಯ ಆಟಗಾರರ ಫೋಟೋ ಹಾಕುತ್ತೇವೆ, ವರ್ಷಕ್ಕೆ ಒಂದೇ ಒಂದು. ಯಾರದು ಎಂದು ತೀರ್ಮಾನಿಸುವವರು ಊರಿಗೊಬ್ಬರಂತೆ ಮೂವರು. ಸಾಗರದಿಂದ ಸುಬ್ರಾಯರು, ತೀರ್ಥಹಳ್ಳಿಯಿಂದ ಮೆಡಿಕಲ್ ಶಾಪಿನ ನಾಗರಾಜ, ಹೊಸನಗರದಿಂದ ನಾನು.

ಈ ಗೋಡೆಗೆ ಸುಬ್ರಾಯರೇ ಮಾಡಿದ ಒಂದು ಕಾನೂನಿತ್ತು. ತಮ್ಮ ಊರಿನವನ ಹೆಸರನ್ನು ತಾವು ಹೇಳುವಂತಿಲ್ಲ, ಅವನಿಗೆ ಓಟೂ ಹಾಕುವಂತಿಲ್ಲ. ಸಾಗರದವನು ಗೋಡೆ ಹತ್ತಬೇಕಾದರೆ ಉಳಿದೆರಡು ಊರೂ ಒಪ್ಪಬೇಕು. "ಮನೆಯವ್ರು ಹೊಗಳಿದ್ರೆ ಅದು ಹೊಗಳಿಕೆ ಅಲ್ಲ. ಎದುರು ಆಡಿ ಪೆಟ್ಟು ತಿಂದವ ಹೊಗಳ್ಬೇಕು" ಎನ್ನುವುದು ಅವರ ವಾದ. ಪರಿಣಾಮ ಏನಾಯಿತೆಂದರೆ, ವರ್ಷವಿಡೀ ಒಬ್ಬರನ್ನೊಬ್ಬರು ಬೈದುಕೊಂಡು ಆಡುವ ಊರಿನವರು ಡಿಸೆಂಬರ್ ಬಂತೆಂದರೆ ಬಸ್ಸು ಹತ್ತಿ ಬಂದು ಎದುರಾಳಿಗೆ ಮಸಾಲೆದೋಸೆ ತಿನ್ನಿಸುತ್ತಿದ್ದರು. ನನ್ನ ಮನೆಗೂ ಬಂದವರಿದ್ದಾರೆ. ನಾನು ದೋಸೆ ತಿಂದಿದ್ದೇನೆ, ಓಟು ಕೊಟ್ಟಿಲ್ಲ.

ಸಭೆಯಲ್ಲಿ ಆಗುತ್ತಿದ್ದ ಚರ್ಚೆಯ ಸೊಗಸೇ ಬೇರೆ. ರಾಜ್ಯ ತಂಡಕ್ಕೆ ಆಡಿ ಮತ್ತೆ ಈ ಮೈದಾನದ ಕಡೆ ತಲೆ ಹಾಕದವನು ಹೆಚ್ಚೋ, ಇಲ್ಲೇ ಇದ್ದು ಹುಡುಗಿಯರಿಗೆ ಸ್ಟಿಕ್ ಹಿಡಿಯಲು ಕಲಿಸಿದವಳು ಹೆಚ್ಚೋ? ಗೋಲು ಹೊಡೆದವನೋ, ತಡೆದವನೋ? ನಾಗರಾಜ ಮೇಜು ಗುದ್ದುತ್ತಿದ್ದರು: "ಹೊಡೆದಿದ್ದು ಎಲ್ರಿಗೂ ನೆನಪಿರ್ತದೆ ಮೇಡಂ. ತಡ್ದಿದ್ದು ಯಾರಿಗ್ ನೆನಪಿರ್ತದೆ?" ನಾನೂ ಸುಮ್ಮನಿರುವವಳಲ್ಲ. ಇಬ್ಬರ ಗಂಟಲೂ ಒಣಗಿದ ಮೇಲೆ ಸುಬ್ರಾಯರು ಜೇಬಿನ ಮೇಲೆ ಕೈಯಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಆಟ ಆಯ್ತು. ಸೋತ ದಿನ ಎಂತ ಮಾಡ್ದ, ಅದು ಹೇಳಿ."

ಆ ಪ್ರಶ್ನೆಗೆ ಎಷ್ಟೋ ದೊಡ್ಡ ಹೆಸರುಗಳು ಬಿದ್ದುಹೋದವು. ಸೋತ ದಿನ ಸ್ಟಿಕ್ ಮುರಿದವನು, ಗೋಲ್‌ಕೀಪರನಿಗೆ ಕೈ ಮಾಡಿದವನು, ಬಹುಮಾನ ವಿತರಣೆಗೆ ನಿಲ್ಲದೆ ಬಸ್ಸು ಹತ್ತಿದವನು, ಯಾರನ್ನೂ ಅವರು ಮರೆತಿರಲಿಲ್ಲ.

ಆದರೆ ಸತತ ಮೂರು ವರ್ಷ ಸುಬ್ರಾಯರು ತಾವಾಗಿಯೇ ಒಂದು ಹೆಸರು ಹೇಳಿದರು. ತೀರ್ಥಹಳ್ಳಿಯ ದುಗ್ಗಪ್ಪ. ನಾಗರಾಜ ಅದೇ ಊರಿನವರಾದ್ದರಿಂದ ಓಟು ಇಲ್ಲ. ಉಳಿದವಳು ನಾನೊಬ್ಬಳು. ಎರಡು ವರ್ಷ ನಾನು ಒಪ್ಪಲಿಲ್ಲ.

ಕಾರಣವಿತ್ತು. ಮೂವತ್ತು ವರ್ಷದ ಹಿಂದೆ ಹೊಸನಗರದಲ್ಲೇ ಸಾಗರಕ್ಕೂ ತೀರ್ಥಹಳ್ಳಿಗೂ ಫೈನಲ್ ನಡೆದಿತ್ತು. ನಾನೂ ನೋಡಲು ಹೋಗಿದ್ದೆ. ಅಂಪೈರ್‌ಗಳು ಊರಿಗೊಬ್ಬರಂತೆ ಇಬ್ಬರು, ತಲಾ ಅರ್ಧ ಮೈದಾನ; ತೀರ್ಥಹಳ್ಳಿಯ ಗೋಲಿನ ಕಡೆ ಸುಬ್ರಾಯರು. ಕೊನೆಯ ನಿಮಿಷ, ಒಂದು-ಒಂದು ಸಮ. ಸಾಗರದವರು ಹೊಡೆದ ಚೆಂಡನ್ನು ಬ್ಯಾಕ್ ಆಡುತ್ತಿದ್ದ ದುಗ್ಗಪ್ಪ ಗೋಲಿನ ಗೆರೆಯ ಮೇಲೆ ತಡೆದರು. ಸುಬ್ರಾಯರು ಸೀಟಿ ಊದಿ, ಚೆಂಡು ಕಾಲಿಗೆ ತಾಗಿತೆಂದು ಪೆನಾಲ್ಟಿ ಸ್ಟ್ರೋಕ್ ಕೊಟ್ಟರು, ಗೋಲ್‌ಕೀಪರ್ ಒಬ್ಬನನ್ನೇ ಎದುರಿಟ್ಟು ಹೊಡೆಯುವ ಹೊಡೆತ. ಅದು ಗೋಲಾಗಿ ಸಾಗರ ಗೆದ್ದಿತು. ಮೈದಾನವೇ ಎದ್ದು ಕೂಗಿತು. ತನ್ನ ಊರಿಗೆ ಗೆಲುವು ಕೊಟ್ಟ ಅಂಪೈರ್ ಎಂದರು, ಇನ್ನೂ ಏನೇನೋ ಅಂದರು. ದುಗ್ಗಪ್ಪ ಮಾತ್ರ ಒಂದು ಮಾತೂ ಆಡದೆ ಸ್ಟಿಕ್ ಎತ್ತಿಕೊಂಡು ಹೊರಗೆ ನಡೆದರು. ಆ ಮೌನಕ್ಕೆ ಜನ ಮರುಳಾದರು. ಅನ್ಯಾಯವಾದರೂ ತುಟಿ ಬಿಚ್ಚದ ಮನುಷ್ಯ ಎಂದು ಮೂರೂ ಊರಿನಲ್ಲಿ ಹೆಸರಾಯಿತು.

ಅದಕ್ಕೇ ನಾನು ಬೇಡವೆಂದದ್ದು. ಜನ ಅವರನ್ನು ನೆನೆಯುತ್ತಿದ್ದುದು ಆಟಕ್ಕಲ್ಲ, ಆದ ಅನ್ಯಾಯಕ್ಕೆ. ಸುಬ್ರಾಯರ ಮಾತನ್ನು ಸುಬ್ರಾಯರಿಗೇ ತಿರುಗಿಸಿ ಹೇಳಿದೆ: "ಕರುಣೆಗೆ ಗೋಲು ಕೊಡಕ್ಕೆ ಬರಲ್ಲ ಅಂದವರು ನೀವೇ ಅಲ್ವಾ?" ಅವರು ಜೇಬು ಮುಟ್ಟಿಕೊಂಡರು.

ಮೂರನೆಯ ವರ್ಷ ಅವರಿಗೆ ಎಂಬತ್ತರ ಹತ್ತಿರ. ಸಭೆಯಲ್ಲಿ ಎದ್ದು ನಿಂತರು. "ನಾಗರಾಜ, ಬರ್ಕೊ. ಅವತ್ತು ತಪ್ಪು ಮಾಡಿದ್ದು ನಾನು. ಕಾಲಿಗೆ ತಾಗಿತ್ತು ಅಂತ ನಂಗೆ ಕಂಡಿತ್ತು. ಆದ್ರೆ ಆ ಹುಡುಗ ಜಗಳ ಮಾಡ್ಲಿಲ್ಲ. ತಪ್ಪು ಮಾಡಿದವ ಕೂಗಾಡ್ತಾನೆ, ಇಪ್ಪತ್ತು ವರ್ಷ ನೋಡಿದೀನಿ. ಅವ ಸುಮ್ನೆ ಹೋದ. ಅದನ್ನ ನೋಡಿ ನನ್ನ ಕಣ್ಣಿನ ಮೇಲೆ ನಂಗೇ ನಂಬಿಕೆ ಹೋಯ್ತು." ಆ ಫೈನಲ್ ಆದ ಮೇಲೆ ಅವರು ಮತ್ತೆ ಸೀಟಿ ಊದಲೇ ಇಲ್ಲ ಎನ್ನುವುದು ನಮಗೆ ಗೊತ್ತಿತ್ತು. ಏಕೆಂಬುದು ಗೊತ್ತಾದದ್ದು ಅಂದೇ. ನಾನು ಎರಡು ವರ್ಷ ಆಡಿದ ಮಾತೆಲ್ಲ ನೆನಪಾಗಿ ತಲೆ ತಗ್ಗಿಸಿದೆ.

"ಫೋಟೋ ಹಾಕದಿದ್ರೆ ಬಿಡಿ. ಒಂದ್ ಸಲ ಅವನ ಹತ್ರ ಹೋಗಿ ತಪ್ಪಾಯ್ತು ಅನ್ಬೇಕು. ನೀನೂ ಬಾ ಮಾರಾಯ್ತಿ, ಒಬ್ಬನೇ ಹೋಗಕ್ಕೆ ಕಾಲು ಬರಲ್ಲ" ಎಂದರು.

ಮುಂದಿನ ಭಾನುವಾರ ಅವರು ಸಾಗರದಿಂದ ಬಂದ ಬಸ್ಸಿಗೆ ನಾನು ಹೊಸನಗರದಲ್ಲಿ ಹತ್ತಿಕೊಂಡೆ. ಜೊತೆಗೆ ಅವರ ಹೆಂಡತಿ ಪಾರ್ವತಕ್ಕ. ಅಕ್ಕ ಗಂಡನತ್ತ ಕಣ್ಣು ಮಾಡಿ ನನ್ನ ಕಿವಿಯಲ್ಲಿ, "ಇವಕ್ಕೆ ನಿದ್ದೆ ಬತ್ತಿಲ್ಲೆ. ಎಂತ ಮಾಡದು ಹೇಳು" ಎಂದರು. ದಾರಿಯುದ್ದಕ್ಕೂ ಸುಬ್ರಾಯರು ಹೇಳಬೇಕಾದ ಮಾತನ್ನು ತುಟಿಯಲ್ಲೇ ಅಭ್ಯಾಸ ಮಾಡುತ್ತಿದ್ದರು, ಭಾಷಣ ಸ್ಪರ್ಧೆಗೆ ಹೊರಟ ಮಕ್ಕಳ ಹಾಗೆ.

ದುಗ್ಗಪ್ಪನವರದು ತೀರ್ಥಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ನಾವು ಹೋದಾಗ ಯಾರದೋ ರಾಗಿ ಬೀಸುತ್ತಿದ್ದರು. ಅರವತ್ತು ದಾಟಿದ ಗಟ್ಟಿ ಆಳು, ಹುಬ್ಬಿನ ಮೇಲೂ ಹಿಟ್ಟು. ಸುಬ್ರಾಯರು ಎಂದಿನಂತೆ ಮೊದಲು ಅವರ ಕಾಲು ನೋಡಿದರು. ಹಿಟ್ಟು ಮೆತ್ತಿದ ಬರಿಗಾಲು. ಆಮೇಲೆ ಮುಖ ನೋಡಿ ಕೈ ಜೋಡಿಸಿದರು. "ದುಗ್ಗಪ್ಪ, ಅವತ್ತು ನಾನು..." ಎನ್ನುವಷ್ಟರಲ್ಲಿ ದುಗ್ಗಪ್ಪ ಗಿರಣಿಯ ಸ್ವಿಚ್ ಆರಿಸಿ ಬಂದು ಆ ಜೋಡಿಸಿದ ಕೈ ಹಿಡಿದುಕೊಂಡರು.

"ಬಡ್ದಿತ್ತು ಸಾರ್" ಎಂದರು.

ನಮಗೆ ಅರ್ಥವಾಗಲಿಲ್ಲ.

"ಕಾಲಿಗೇ ಬಡ್ದಿತ್ತು. ಈ ಹೆಬ್ಬೆರಳು. ಉಗುರು ಮೂರ್ ತಿಂಗ್ಳು ಕಪ್ಪಾಗಿತ್ತು, ಕ್ಯಾನ್ವಾಸ್ ಶೂ ಒಳಗೆ ಮುಚ್ಚಿಟ್ಕಂಡು ಓಡಾಡ್ದೆ. ಅವತ್ತು ಊರಿಗೂರೇ ನನ್ನ ಪರ ಕೂಗ್ತಿತ್ತು. ಹೌದು ಅನ್ನಕ್ಕೆ ಧೈರ್ಯ ಇರ್ಲಿಲ್ಲ, ಇಲ್ಲ ಅನ್ನಕ್ಕೆ ಮನಸ್ಸು ಬರ್ಲಿಲ್ಲ. ಸುಮ್ನೆ ಎದ್ದು ಹೋದೆ. ಆಮೇಲೆ ನೀವು ಸೀಟಿ ಬಿಟ್ರಿ ಅಂತ ಕೇಳ್ದೆ. ನಿಮ್ಮ ಎದುರು ಬರಕ್ಕೆ ಮುಖ ಎಲ್ಲಿತ್ತು ಸಾರ್?"

ನನಗೆ ಮೈ ಉರಿಯಿತು. ಮೂವತ್ತು ವರ್ಷ! ಬಾಯಿ ತೆರೆದೆ, ಪಾರ್ವತಕ್ಕ ನನ್ನ ಕೈ ಅದುಮಿದರು. ಸುಬ್ರಾಯರು ಗಿರಣಿಯ ಬೆಂಚಿನ ಮೇಲೆ ಕೂತರು. ನೀರು ಕೇಳಿದರು. ಲೋಟ ಪೂರ್ತಿ ಕುಡಿದರು. ಅವರು ಸಿಟ್ಟಾಗುತ್ತಾರೆಂದು ಕಾದರೆ ಹೆಗಲು ಕುಣಿಯತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಹಂಗಾದ್ರೆ ನಂಗೆ ಕಂಡಿದ್ದು ಸರಿ ಇತ್ತು!" ಎಂದರು. ಹೆಂಡತಿಯ ಕಡೆ ತಿರುಗಿ ಅದನ್ನೇ ಮತ್ತೊಮ್ಮೆ ಹೇಳಿದರು. ಆಮೇಲೆ ದುಗ್ಗಪ್ಪನವರಿಗೆ, "ಅಲ್ಲ ಮಾರಾಯ, ಇದನ್ನ ಒಂದ್ ಕಾರ್ಡಲ್ಲಿ ಬರೆದು ಹಾಕಕ್ಕೆ ಎಂತ ಆಗಿತ್ತು ನಿಂಗೆ?" ಎಂದರು. ದುಗ್ಗಪ್ಪ ಅಳುತ್ತಾ ನಕ್ಕರು, ಕೆನ್ನೆಯ ಹಿಟ್ಟಿನ ಮೇಲೆ ಎರಡು ಗೆರೆ ಬಿತ್ತು. "ನನ್ನ ಹೆಸರು ತೆಗ್ದುಬಿಡಿ ಸಾರ್, ಆ ಗೋಡೆಗೆ ನಾನು ಸಲ್ಲ" ಎಂದರು. ಅದಕ್ಕೆ ಸುಬ್ರಾಯರು ಚಹಾ ಕೇಳಿದರು.

ವಾಪಸು ಬರುವಾಗ ಬಸ್ಸು ತೀರ್ಥಹಳ್ಳಿ ದಾಟುವ ಮೊದಲೇ ಅವರು ನಿದ್ದೆ ಹೋಗಿದ್ದರು. ನನ್ನ ಸಿಟ್ಟೂ ಎಲ್ಲೋ ದಾರಿಯಲ್ಲೇ ಇಳಿದುಹೋಯಿತು. ಮರುದಿನ ಬೆಳಿಗ್ಗೆ ಪಾರ್ವತಕ್ಕನ ಫೋನು: "ಎಂಥಾ ಗೊರಕೆ ಗೊತ್ತಿದ್ದಾ! ಈಗ ಎಂಗೆ ನಿದ್ದೆ ಇಲ್ಲೆ." ನಿದ್ದೆಗೇಡು ಈಗ ಅಕ್ಕನ ಪಾಲಿಗೆ ಬಂದಿತ್ತು.

ಆ ವರ್ಷ ಗೋಡೆಗೆ ಯಾರದೂ ಫೋಟೋ ಹಾಕಲಿಲ್ಲ. ಜನವರಿಯ ಪಂದ್ಯಾವಳಿಯಲ್ಲಿ ಫೈನಲ್‌ಗೆ ಮುಂಚೆ ಹಳಬರದೊಂದು ಹತ್ತು ನಿಮಿಷದ ತಮಾಷೆಯ ಆಟ ಇಟ್ಟೆವು, ಸಾಗರಕ್ಕೂ ತೀರ್ಥಹಳ್ಳಿಗೂ. ಹೊಟ್ಟೆ ಬಂದವರು, ಮಂಡಿನೋವಿನವರು, ಎಲ್ಲರೂ ಇಳಿದರು. ದುಗ್ಗಪ್ಪನವರೂ ಬಂದು ತಮ್ಮ ಹಳೆಯ ಬ್ಯಾಕ್ ಜಾಗದಲ್ಲಿ, ಗೋಲಿನ ಗೆರೆಯ ಹತ್ತಿರ ನಿಂತರು. ಮೈದಾನದ ಒಂದರ್ಧಕ್ಕೆ ಅಂಪೈರಾಗಿ ನಿಲ್ಲಿ ಎಂದು ಬೇಡಿಕೊಂಡಾಗ ಸುಬ್ರಾಯರು ಒಲ್ಲೆ ಅನ್ನಲಿಲ್ಲ. ಆಟ ಶುರುಮಾಡಿದ್ದು ಆ ಕಡೆಯ ಅಂಪೈರ್. ಸುಬ್ರಾಯರ ಸೀಟಿ ಇನ್ನೂ ಕೈಯಲ್ಲೇ ಇತ್ತು.

ಸಾಗರದವರು ನುಗ್ಗಿ ಬಂದು ಹೊಡೆದರು. ಗೋಲಿನ ಮುಂದೆ ಆರೇಳು ಜನರ ಗುಂಪು. ಚೆಂಡು ಗೆರೆಯ ಹತ್ತಿರ ನಿಂತಿತು. ಸುಬ್ರಾಯರು ಹಿಂದೆ ಉಳಿದಿದ್ದರು, ಅವರಿಗೆ ಏನೂ ಕಂಡಿರಲಿಲ್ಲ. ಬದಿಯಲ್ಲಿದ್ದ ನನಗೂ ಕಂಡಿರಲಿಲ್ಲ. ಅಷ್ಟರಲ್ಲಿ ಗುಂಪಿನ ನಡುವಿನಿಂದ ಒಂದು ಕೈ ಮೇಲೆದ್ದಿತು.

"ಕಾಲು ಸಾರ್! ನನ್ನ ಕಾಲು!"

ದುಗ್ಗಪ್ಪನವರದೇ ದನಿ. ಸುಬ್ರಾಯರು ಸೀಟಿ ಬಾಯಿಗಿಟ್ಟು ಊದಿದರು. ಮೂವತ್ತು ವರ್ಷ ಜೇಬಿನಲ್ಲಿದ್ದ ಸೀಟಿ, ಮೊದಲು ಬರೇ ಉಸಿರು ಬಂತು, ಎರಡನೆಯ ಸಲ ಇಡೀ ಮೈದಾನಕ್ಕೆ ಕೇಳಿತು. ಕೈ ಚಾಚಿ ಪೆನಾಲ್ಟಿ ಸ್ಟ್ರೋಕ್ ತೋರಿಸಿದರು. ಗೋಲಾಯಿತು. ತೀರ್ಥಹಳ್ಳಿ ಮತ್ತೆ ಸೋತಿತು. ಸೋತ ದುಗ್ಗಪ್ಪ ನೇರ ಅಂಪೈರ್ ಹತ್ತಿರ ನಡೆದು ಬಂದರು. ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ನನ್ನ ಮುಂದೆಯೇ ಹಾದುಹೋದರು. ಸುಬ್ರಾಯರು ನನ್ನ ಕಾಲು ನೋಡಿ, "ಚಪ್ಪಲಿ ಹೊಸದು" ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಮಳೆಗಾಲದ ಮೊದಲೇ, ನಿದ್ದೆಯಲ್ಲಿ ಹೋಗಿಬಿಟ್ಟರು. ಸುದ್ದಿ ಕೇಳಿ ತುಂಬ ಅತ್ತೆ. ಆದರೂ ನಿದ್ದೆಯಲ್ಲಿ ಎಂದು ಕೇಳಿದಾಗ ಮನಸ್ಸು ಹಗುರಾಯಿತು. ಆ ಮನುಷ್ಯನಿಗೆ ಕೊನೆಗೂ ನಿದ್ದೆ ಬಂದಿತ್ತಲ್ಲ.

ಈ ಡಿಸೆಂಬರಿನಲ್ಲಿ ಸಭೆ ಸೇರಿದಾಗ ಸಾಗರದಿಂದ ಹೊಸಬರೊಬ್ಬರು ಬಂದಿದ್ದರು. ದುಗ್ಗಪ್ಪನವರ ಹೆಸರನ್ನು ನಾನೇ ಎತ್ತಿದೆ. ಹೊಸಬರಿಗೆ ಕಥೆ ಗೊತ್ತಿರಲಿಲ್ಲ, ಎಷ್ಟು ಗೋಲು ಹೊಡೆದಿದ್ದಾರೆ ಎಂದು ಕೇಳಿದರು.

"ಒಂದೂ ಇಲ್ಲ" ಎಂದೆ. "ಸೋತ ದಿನ ಎಂತ ಮಾಡ್ದ, ಅದು ಕೇಳಿ."